ನೀಲಗಿರಿ ತೋಪೂ ಜರ್ಮನ್ ಉಂಗುರಗಳೂ

(ಪತ್ರದ ಸಾರ: ಹೊಸಕೋಟೆ ಕಡೆಯ ಪಿಯು ಕಾಲೇಜಿನ ಭೂಗೋಳ ಉಪನ್ಯಾಸಕರೊಬ್ಬರು ಬರೆದಿದ್ದಾರೆ. ವಾನ್ ಥುನೆನ್‌ನ ಉಂಗುರಗಳ, ಅಂದರೆ ಪೇಟೆಯಿಂದ ಎಷ್ಟು ದೂರದಲ್ಲಿ ಯಾವ ಬೆಳೆ ಎಂದು ತೋರಿಸುವ ವೃತ್ತಗಳ ಚಿತ್ರ ಬರೆದು ಪಾಠ ಮಾಡುವಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ಇದರ ಪ್ರಕಾರ ಸಿಟಿ ಪಕ್ಕದ ನಮ್ಮೂರಲ್ಲಿ ತರಕಾರಿ ಇರಬೇಕು. ಇರೋದು ನೀಲಗಿರಿ ತೋಪು, ಕಲ್ಲು ನೆಟ್ಟ ಸೈಟು. ತಪ್ಪು ಪುಸ್ತಕದ್ದಾ, ನಮ್ಮೂರಿನದ್ದಾ?" ಎಂದು ಕೇಳಿದಳಂತೆ. ಇಷ್ಟು ಹಳೇ ಪಾಠ ಇನ್ನೂ ಯಾಕೆ ಬೇಕು, ನಮ್ಮ ರೈತರು ಸೋಮಾರಿಗಳಾದದ್ದೇ ಇದಕ್ಕೆ ಕಾರಣ ಅಲ್ಲವೇ ಎಂಬುದು ಅವರ ಪ್ರಶ್ನೆ.)

ಪ್ರಿಯ ಮೇಷ್ಟ್ರೇ,

ಆ ಹುಡುಗಿಗೆ ಮೊದಲು ನಮ್ಮ ಶಾಬಾಷ್ ಹೇಳಿ. ಪಾಠದ ಚಿತ್ರವನ್ನು ತನ್ನೂರಿನ ಹೊಲದ ಮೇಲೆ ಇಟ್ಟು ನೋಡಿದಳಲ್ಲ, ಭೂಗೋಳ ಅಂದರೆ ಅದೇ.

ಓದುಗರಿಗಾಗಿ ಎರಡು ಮಾತು. ವಾನ್ ಥುನೆನ್ ಕುರ್ಚಿಯಲ್ಲಿ ಕೂತು ಥಿಯರಿ ಹೊಸೆದವನಲ್ಲ. ಉತ್ತರ ಜರ್ಮನಿಯ ಮೆಕ್ಲೆನ್‌ಬುರ್ಗ್‌ನಲ್ಲಿ ಟೆಲ್ಲೋ ಎಂಬ ಜಮೀನು ಕೊಂಡು ಬೇಸಾಯ ಮಾಡಿಸಿದವನು. ಲೆಕ್ಕದ ಪುಸ್ತಕ ಬಹಳ ಕಟ್ಟುನಿಟ್ಟಾಗಿ ಇಟ್ಟಿದ್ದ. ಧಾನ್ಯವನ್ನು ಪೇಟೆಗೆ ಸಾಗಿಸುವಾಗ ಗಾಡಿಯ ಕುದುರೆಗಳು ದಾರಿಯಲ್ಲಿ ತಿನ್ನುವ ಕಾಳನ್ನೂ ಖರ್ಚಿಗೆ ಸೇರಿಸಿದ್ದ! ಆ ಲೆಕ್ಕದ ಮೇಲೆ 1826ರಲ್ಲಿ ಪುಸ್ತಕ ಬರೆದ. ಪೇಟೆಯ ಪಕ್ಕದಲ್ಲಿ ಬೇಗ ಕೆಡುವ ಹಾಲು, ತರಕಾರಿ. ಆಮೇಲೆ ಕಾಡು. ಅದರಾಚೆ ಧಾನ್ಯ, ಕಟ್ಟಕಡೆಗೆ ದನ ಮೇಯಿಸುವ ಬಯಲು. ಸಾಗಾಟದ ಖರ್ಚು ಕಳೆದು ಎಕರೆಗೆ ಜಾಸ್ತಿ ಉಳಿಸಿಕೊಡುವ ಬೆಳೆ ಯಾವುದೋ ಅದೇ ಆ ಜಾಗದಲ್ಲಿ ನಿಲ್ಲುತ್ತದೆ ಅನ್ನುವುದು ಅವನ ವಾದ.

ಗಮನಿಸಿದಿರಾ? ಎರಡನೇ ಉಂಗುರ ಕಾಡು. ಸೌದೆ ಭಾರ, ಎತ್ತಿನ ಗಾಡಿಯಾಗಲಿ ಕುದುರೆ ಗಾಡಿಯಾಗಲಿ ದೂರದಿಂದ ತಂದರೆ ಗಿಟ್ಟುವುದಿಲ್ಲ. ಅದಕ್ಕೇ ಮರ ಊರ ಹತ್ತಿರ. ನಮ್ಮಲ್ಲೂ ಇದು ಸುಳ್ಳಾಗಿರಲಿಲ್ಲ. ಬೆಂಗಳೂರಿನ ಒಲೆ, ಹಂಡೆಗಳು ಸೌದೆಯ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಸುತ್ತಮುತ್ತ ಸರ್ವೆ ಮರದ ತೋಪುಗಳಿದ್ದವು. ಹಾಗಾಗಿ ನಿಮ್ಮ ವಿದ್ಯಾರ್ಥಿನಿಯ ಊರು ಮೇಲ್ನೋಟಕ್ಕೆ ಥುನೆನ್‌ನ ಚಿತ್ರದಂತೆಯೇ ಇದೆ. ತಮಾಷೆ ಏನೆಂದರೆ, ಮರ ಇರುವುದು ಅವನು ಹೇಳಿದ ಕಾರಣಕ್ಕಲ್ಲ.

ಈಗ ಬೆಂಗಳೂರಿಗೆ ಸೌದೆ ಬೇಡ, ಗ್ಯಾಸ್ ಬಂದಿದೆ. ನೀಲಗಿರಿಯಲ್ಲಿ ಒಂದಿಷ್ಟು ಸೆಂಟ್ರಿಂಗ್ ಕಂಬವಾಗಿ ಕಟ್ಟಡಗಳಿಗೆ ಹೋಗುತ್ತದೆ ನಿಜ. ಆದರೆ ಈ ಮರ ಇಲ್ಲಿ ಹಬ್ಬಿದ್ದು ಕಾಗದ ಮತ್ತು ರೇಯಾನ್ ಪಲ್ಪ್‌ನ ಬೇಡಿಕೆ ನಂಬಿಕೊಂಡು. ಅಂಥ ಕಾರ್ಖಾನೆಗಳಿದ್ದದ್ದು ಹರಿಹರ, ಭದ್ರಾವತಿಯಂಥ ದೂರದ ಊರುಗಳಲ್ಲಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ಸಸಿ ಹಂಚಿ ಇದಕ್ಕೆ ಗಾಳಿ ಹಾಕಿತು. ಅದು ಜನರ ಉರುವಲಿಗೆ ಅಂತ ಬಂದ ಯೋಜನೆ. ಕೊನೆಗೆ ರಾಗಿ ಹೊಲಗಳೇ ತೋಪಾದವು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿ ಕಿತ್ತು ಹಾಕಿದ್ದು ಸುಮ್ಸುಮ್ನೆ ಅಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದ ಬುಡದಿಂದ ತಾನೇ ಚಿಗುರುವ ಮರ ಅದು, ಸರ್ಕಾರದ ಆದೇಶ ಓದುವುದಿಲ್ಲ.

ಈಗ ನಿಮ್ಮ "ಸೋಮಾರಿ" ಎಂಬ ಮಾತಿಗೆ ಬರೋಣ. ಇದನ್ನು ನಾವು ಒಪ್ಪುವುದಿಲ್ಲ, ಮೇಷ್ಟ್ರೇ. ಒಂದು ಎಕರೆ ರಾಗಿ ಅಂದರೆ ಉಳುಮೆ, ಬಿತ್ತನೆ, ಕುಂಟೆ, ಕಳೆ, ಕೊಯ್ಲು, ಕಣ. ಅದರ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ. ಈ ಕೆಲಸಕ್ಕೆ ಆಳು ಎಲ್ಲಿ? ಮನೆಯ ಹುಡುಗ ಹುಡುಗಿಯರನ್ನು ಬೆಳಿಗ್ಗೆ ನರಸಾಪುರದ ಕಂಪನಿ ಬಸ್ಸು ಕರೆದುಕೊಂಡು ಹೋಗುತ್ತದೆ. ತರಕಾರಿ ಬೆಳೆಯೋಣವೆಂದರೆ ವರ್ಷವಿಡೀ ಹರಿಯುವ ನದಿ ಆ ಕಡೆ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ನೀಲಗಿರಿಗೆ ಇದ್ಯಾವುದೂ ಬೇಡ. ನೆಟ್ಟು ಏಳೆಂಟು ವರ್ಷ ಬಿಟ್ಟು ಕಡಿದರೆ ಆಯಿತು.

ಇನ್ನೊಂದು ಕಾರಣ ಪಾಠದಲ್ಲಿ ಎಲ್ಲೂ ಬರುವುದಿಲ್ಲ, ಆದರೆ ನಮ್ಮ ಮಟ್ಟಿಗೆ ಅದೇ ಮುಖ್ಯ. 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರರಿಗೆ ಭೂಮಿ ಸಿಕ್ಕಿತು, ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದಿನಿಂದ ಬೆಂಗಳೂರಿಗೆ ಹೋಗಿ ನೆಲೆಸಿದವನಿಗೆ ಒಂದು ಅಳುಕು ಹುಟ್ಟಿತು: ಬೆಳೆಯಲ್ಲಿ ಪಾಲು ಮಾತಾಡಿಕೊಂಡು ಹೊಲ ವಾರಕ್ಕೆ ಕೊಟ್ಟರೆ ನಾಳೆ ಉಳುವವನೇ ನನ್ನದು ಅಂದರೆ? ಬಾಯಿಮಾತಿನಲ್ಲಿ ಕೊಡುವವರು ಕೊಡುತ್ತಾರೆ. ಧೈರ್ಯ ಇಲ್ಲದವರು ನೀಲಗಿರಿ ಹಾಕಿ ಗೇಟಿಗೆ ಬೀಗ ಜಡಿಯುತ್ತಾರೆ. ತೋಪು ಅಲ್ಲಿ ಬೆಳೆಯಲ್ಲ, ಕಾವಲುಗಾರ.

ಯಾತಕ್ಕೆ ಕಾವಲು? ರೇಟು ಏರುವವರೆಗೆ. 1967ರಲ್ಲಿ ರಾಬರ್ಟ್ ಸಿಂಕ್ಲೇರ್ ಎಂಬ ಭೂಗೋಳಜ್ಞ ಅಮೆರಿಕದ ನಗರಗಳನ್ನು ನೋಡಿ ಥುನೆನ್‌ನ ಚಿತ್ರವನ್ನು ಹೆಚ್ಚುಕಡಿಮೆ ತಿರುವಿ ಹಾಕಿದ. ನಗರ ಇವತ್ತಲ್ಲ ನಾಳೆ ಇಲ್ಲಿಗೆ ಬರುತ್ತದೆ ಅನ್ನುವ ಕಡೆ ಯಾರೂ ಹೊಲಕ್ಕೆ ದುಡ್ಡು ಸುರಿಯುವುದಿಲ್ಲ. ಬಾವಿ ತೋಡುವುದಿಲ್ಲ, ಬದು ಹಾಕಿಸುವುದಿಲ್ಲ, ಹೊಲ ಸುಮ್ನೆ ಬಿದ್ದಿರುತ್ತದೆ. ಒಳ್ಳೆಯ ಬೇಸಾಯ ಕಾಣಬೇಕಾದರೆ ನಗರದಿಂದ ಇನ್ನಷ್ಟು ಆಚೆ ಹೋಗಬೇಕು. ಹೊಸಕೋಟೆಯಿಂದ ಕೋಲಾರದ ಕಡೆ ಬಸ್ಸಿನಲ್ಲಿ ಹೋಗುತ್ತಾ ಕಿಟಕಿಯಿಂದ ನೋಡಿ. ಲೇಔಟು, ಗೋಡೌನು, ನೀಲಗಿರಿ ಹಿಂದೆ ಸರಿದು ನಿಧಾನಕ್ಕೆ ಟೊಮೆಟೊ, ಹಿಪ್ಪುನೇರಳೆ, ಶ್ರೀನಿವಾಸಪುರದ ಮಾವು ಬರುತ್ತವೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಈ ಕಾಯುವ ಆಟಕ್ಕೆ ಆಟಗಾರರು ಇನ್ನೂ ಜಾಸ್ತಿಯಾದರು ಅಂತ ನಮ್ಮ ಅನಿಸಿಕೆ.

ಹಾಗಂತ ಸಿಂಕ್ಲೇರ್ ಪೂರ್ತಿ ಸರಿ ಅಂತಲೂ ಹೇಳಲಾರೆವು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಿ. ವಿಮಾನ ನಿಲ್ದಾಣ 2008ರಲ್ಲೇ ಬಂದ ಜಾಗ. ಅವನ ಲೆಕ್ಕದಲ್ಲಿ ಅಲ್ಲಿನ ರೈತರು ಕೈಕಟ್ಟಿ ಕೂತು ಚೆಕ್ಕಿಗೆ ಕಾಯಬೇಕಿತ್ತು. ಅವರು ದ್ರಾಕ್ಷಿ, ಹೂವು, ರಾಗಿ, ತರಕಾರಿ ಬೆಳೆಯುತ್ತಾ 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಪ್ರಸ್ತಾವವನ್ನು ಕೈಬಿಟ್ಟಿತು. ಹೊಲದ ಬೆಲೆ ಗೊತ್ತಿಲ್ಲದೆ ಕೂತವರಲ್ಲ ಅವರು.

ಥುನೆನ್‌ನ ಮೊದಲ ಉಂಗುರವೂ ಚೂರುಚೂರಾಗಿದೆ. ಹಾಲಿಗೆ ಶೀತಲೀಕರಣ ಘಟಕ, ಟ್ಯಾಂಕರ್ ಬಂದ ಮೇಲೆ ದೂರ ಒಂದು ಲೆಕ್ಕವೇ ಅಲ್ಲ. ಕೋಲಾರದ ಟೊಮೆಟೊ ಉತ್ತರ ಭಾರತಕ್ಕೆ ಲಾರಿ ಹತ್ತುತ್ತದೆ. ಬೆಂಗಳೂರು ಗುಲಾಬಿ ಈರುಳ್ಳಿ ಹಡಗು ಹತ್ತಿ ಆಗ್ನೇಯ ಏಷ್ಯಾ ಸೇರುತ್ತದೆ. ಕೊತ್ತಂಬರಿ, ಮೆಂತ್ಯ, ದಂಟಿನ ಸೊಪ್ಪು ಮಾತ್ರ ಇವತ್ತಿಗೂ ಹಠ ಹಿಡಿದಂತೆ ನಗರದ ಹತ್ತಿರವೇ ಇವೆ, ಸಂಜೆ ಕಿತ್ತು ಮುಂಜಾನೆ ಮಾರಬೇಕಲ್ಲ.

ಹಾಗಾದರೆ ಪಾಠ ಬಿಡಬೇಕಾ? ಬೇಡ. ಚಿತ್ರ ಹಳತಾಗಿದೆ, ಪ್ರಶ್ನೆ ಹಳತಾಗಿಲ್ಲ. ಈ ಸರ್ವೆ ನಂಬರಿನಲ್ಲಿ ಇದೇ ಬೆಳೆ ಯಾಕಿದೆ, ಉಳಿಯುವ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಥುನೆನ್ ಕೇಳಿದ. ನೀವು ಯಾವಾಗ ಹೋಗುತ್ತದೆ ಅನ್ನುವುದನ್ನೂ ಸೇರಿಸಿ ಕೇಳಿ.

ಒಂದು ಸಲಹೆ. ಮಕ್ಕಳನ್ನು ಗುಂಪು ಮಾಡಿ ಊರಿನ ಇಪ್ಪತ್ತು ಸರ್ವೆ ನಂಬರ್ ಹಂಚಿ. ದಿಶಾಂಕ್ ಆ್ಯಪ್‌ನಲ್ಲಿ ಜಾಗ ಗೊತ್ತಾಗುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ಏನಿದೆ, ನೆಲದ ಮೇಲೆ ಏನಿದೆ, ಎರಡನ್ನೂ ಬರೆದುಕೊಳ್ಳಲಿ. ಮಾಲೀಕರು ಊರಲ್ಲಿದ್ದಾರಾ, ಬೋರ್ ಎಷ್ಟು ಅಡಿ, ಕೊನೆಯ ಸಲ ರಾಗಿ ಹಾಕಿದ್ದು ಯಾವಾಗ ಅಂತ ಅಜ್ಜಿ ತಾತಂದಿರನ್ನು ಕೇಳಲಿ. ಗೋಮಾಳ, ಗುಂಡುತೋಪು, ಕೆರೆ ಅಂಗಳವನ್ನು ಮರೆಯಬೇಡಿ. ಒತ್ತುವರಿ ಕಂಡರೆ ಯಾರ ಹೆಸರನ್ನೂ ನಕ್ಷೆಯಲ್ಲಿ ಬರೆಯುವುದು ಬೇಡ, ಮಕ್ಕಳಿಗೆ ಆ ತಲೆನೋವು ಯಾಕೆ. ನಕ್ಷೆ ಮುಗಿದ ಮೇಲೆ ಕಳಿಸಿಕೊಡಿ, ಆ ಹುಡುಗಿಯೇ ನಾಲ್ಕು ಮಾತು ಬರೆದರೆ ಅದರ ಜೊತೆಗೇ ಅಚ್ಚು ಹಾಕುತ್ತೇವೆ.

— ಸಂಪಾದಕ