ಹಲಗೆ ಬಾಗುವುದಲ್ಲ, ತಿರುಚಿಕೊಳ್ಳುವುದು

ಪ್ರಶ್ನೆ: ಮದುವೆ ಉಡುಗೊರೆಗೆ ರೇಷ್ಮೆ ಸೀರೆಯ ಪೆಟ್ಟಿಗೆ ಮಾಡಿಕೊಡುತ್ತೇನೆ. ಹಿಂಜ್ ಇಲ್ಲದೆ ಮುಚ್ಚಳ ದುಂಡಗೆ ಬಾಗಲಿ ಎಂದು 3 ಮಿ.ಮೀ. ಪ್ಲೈವುಡ್‌ಗೆ ಲೇಸರ್‌ನಲ್ಲಿ ಸೀಳು ಹಾಕಿಸಿದೆ. ಸೀಳಿನ ಉದ್ದ 15 ಮಿ.ಮೀ., ಒಂದು ಸೀಳಿನ ತುದಿಯಿಂದ ಅದೇ ಸಾಲಿನ ಮುಂದಿನ ಸೀಳಿಗೆ 3 ಮಿ.ಮೀ. ಸಂದಿ ಬಿಟ್ಟಿದ್ದೆ, ಒಟ್ಟು 8 ಸಾಲು. ಲಂಬಕೋನಕ್ಕೆ ಬಾಗಿಸುವ ಮೊದಲೇ ಪಟಪಟನೆ ಮುರಿಯಿತು. ಅಕ್ರಿಲಿಕ್ ಹಾಕಲೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಅಕ್ರಿಲಿಕ್ ಬೇಡ, ಅದು ಇನ್ನೂ ಬೇಗ ಬಿರುಕು ಬಿಡುತ್ತದೆ. ನಿಮ್ಮ ಪ್ಲೈವುಡ್ಡೇ ಸಾಕು. ತಪ್ಪಿರುವುದು ಸೀಳಿನ ಲೆಕ್ಕ.

ರೇಷ್ಮೆಹುಳು ಗೂಡು ಕಟ್ಟಲು ಬಿಡುವ ನಿಮ್ಮೂರಿನ ಚಂದ್ರಿಕೆ ನೋಡಿ. ಅದರಲ್ಲಿ ಸುರುಳಿ ಸುತ್ತಿದ ಬಿದಿರಿನ ಪಟ್ಟಿ ತೆಳ್ಳಗಿರುವುದರಿಂದ ನಿಜವಾಗಿಯೂ ಬಾಗುತ್ತದೆ. 3 ಮಿ.ಮೀ. ಹಲಗೆ ಅಷ್ಟು ಸುಲಭವಾಗಿ ಬಾಗುವುದಿಲ್ಲ. ಗೋಡೆಯ ಇಟ್ಟಿಗೆಯಂತೆ ಒಂದು ಸಾಲಿನ ಸೀಳು ಪಕ್ಕದ ಸಾಲಿನ ಸಂದಿಗೆ ಬರುವಂತೆ ಹಾಕಿದಾಗ, ನಡುವೆ ಉಳಿಯುವ ಕಿರುಪಟ್ಟಿಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ. ಒಂದೊಂದು ಸಾಲೂ ಕೆಲವೇ ಡಿಗ್ರಿ ತಿರುಚಿ, ಎಲ್ಲ ಸೇರಿ ದುಂಡಾಗುತ್ತದೆ.

ಈಗ ನಿಮ್ಮ ಪೆಟ್ಟಿಗೆಗೆ ಬನ್ನಿ. 90 ಡಿಗ್ರಿಯನ್ನು 8 ಸಾಲು ಹೊತ್ತರೆ ಸಾಲೊಂದಕ್ಕೆ 11 ಡಿಗ್ರಿಗೂ ಹೆಚ್ಚು. ಅದನ್ನು ತಾಳಬೇಕಾದ ಪಟ್ಟಿಯೋ ಬರೀ 6 ಮಿ.ಮೀ. ಉದ್ದ, ಏಕೆಂದರೆ 15ರಲ್ಲಿ ಸಂದಿಯ 3 ಕಳೆದು, ಉಳಿದದ್ದರಲ್ಲಿ ಅರ್ಧ ಮಾತ್ರ ತಿರುಚುತ್ತದೆ. ಅಷ್ಟು ಗಿಡ್ಡ ಪಟ್ಟಿ ಮುರಿಯದೆ ಇನ್ನೇನು ಮಾಡೀತು!

ಸೀಳನ್ನು 40 ಮಿ.ಮೀ. ಮಾಡಿ, ತಿರುಚುವ ಭಾಗ 18 ಮಿ.ಮೀ. ದಾಟುತ್ತದೆ. ಸಾಲುಗಳನ್ನು 3 ಮಿ.ಮೀ.ಗೊಂದರಂತೆ 16ಕ್ಕೆ ಏರಿಸಿ. ಆಗ ಬಾಗುವ ಜಾಗ ಸುಮಾರು 48 ಮಿ.ಮೀ. ಆಗುತ್ತದೆ, ಮೂಲೆ 30 ಮಿ.ಮೀ. ತ್ರಿಜ್ಯದಲ್ಲಿ ತಿರುಗುತ್ತದೆ. ಪಟ್ಟಿಯ ಮೇಲಿನ ಒತ್ತಡ ಸರಿಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಖರ್ಚು ಎಂದರೆ ಲೇಸರ್ ಓಡುವ ಹೆಚ್ಚಿನ ಹೊತ್ತು, ಅಷ್ಟೆ.

ಇನ್ನೊಂದು ಮಾತನ್ನು ಕಟಿಂಗ್‌ನವರಿಗೆ ಖಂಡಿತ ಹೇಳಿ: ಪ್ಲೈವುಡ್‌ನ ಮೇಲ್ಪದರದ ನಾರು ಸೀಳಿನ ಉದ್ದಕ್ಕೇ ಓಡಬೇಕು. ಅಡ್ಡ ಇಟ್ಟರೆ ಲೆಕ್ಕವೆಲ್ಲ ಸರಿಯಿದ್ದರೂ ಪಟ್ಟಿ ನಾರಿನಗುಂಟ ಸಿಗಿಯುತ್ತದೆ. ಮೊದಲು ಅಂಗೈಯಗಲದ ತುಂಡಿನಲ್ಲಿ ನೋಡಿ.

ದಿನಾ ತೆಗೆದು ಮುಚ್ಚುವ ಪೆಟ್ಟಿಗೆಯಾದರೆ ಈ ವಿಧಾನವನ್ನು ನಾನು ನಂಬುವುದಿಲ್ಲ. ಬಾಗಿದ ಮೂಲೆಯನ್ನು ಹಾಗೇ ಅಂಟಿಸಿಬಿಡಿ, ಮುಚ್ಚಳ ತೆರೆಯುವ ಕಡೆ ಪುಸ್ತಕಕ್ಕೆ ಬೈಂಡಿಂಗ್ ಮಾಡುವ ಬಟ್ಟೆಯ ಪಟ್ಟಿ ಹಾಕಿ. ಪ್ಲಾಸ್ಟಿಕ್ಕೇ ಬೇಕೆಂದರೆ ಪಾಲಿಪ್ರೊಪಿಲೀನ್ ತನ್ನಿ. ಸಾಸ್ ಬಾಟಲಿಯ ಮುಚ್ಚಳ ಸಾವಿರಾರು ಸಲ ಮಡಿಸಿದರೂ ಮುರಿಯದಿರುವುದು ಈ ಪ್ಲಾಸ್ಟಿಕ್ಕಿನ ತೆಳ್ಳನೆಯ ಗೆರೆಯಿಂದಲೇ. ಪಿವಿಸಿ ಹಾಳೆಯನ್ನು ಮಾತ್ರ ಲೇಸರ್‌ಗೆ ಕೊಡಲೇಬೇಡಿ. ಅದು ಸುಟ್ಟಾಗ ಬರುವ ಆಮ್ಲದ ಹೊಗೆ ಯಂತ್ರವನ್ನು ತಿನ್ನುತ್ತದೆ, ಪಕ್ಕದಲ್ಲಿ ನಿಂತವರ ಶ್ವಾಸಕೋಶವನ್ನೂ.