ಮನೆ ಗ್ಯಾರೇಜಿನಲ್ಲಿ ಆಫ್‌ರೋಡ್ ಬಗ್ಗಿ (ರಸ್ತೆಯಿಲ್ಲದ ನೆಲದಲ್ಲಿ ಓಡುವ, ಕೊಳವೆ ಚೌಕಟ್ಟಿನ ಗಾಡಿ) ಕಟ್ಟಲು ನೀರಿನ ಜಿಐ ಪೈಪ್ ಸಾಕೇ?

ಸಾಲದು. ಜಿಐ ಪೈಪ್ ಇರುವುದು ನೀರು ಹರಿಸಲು, ಬಗ್ಗಿ ಪಲ್ಟಿ ಹೊಡೆದಾಗ ತಲೆ ಕಾಯಲು ಅಲ್ಲ. ಮೇಲಾಗಿ ವೆಲ್ಡಿಂಗ್ ಶಾಖಕ್ಕೆ ಅದರ ಸತುವಿನ ಲೇಪ ಆವಿಯಾಗಿ ಬೆಸುಗೆಯಲ್ಲಿ ರಂಧ್ರ ಬೀಳಿಸುತ್ತದೆ; ಆ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಬಂದೀತು.

ಅಳತೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಬಗ್ಗಿ ಕಟ್ಟುವ ಬಾಹಾ ಸ್ಪರ್ಧೆಯ ನಿಯಮ ನೋಡಿ: ರೋಲ್ ಕೇಜಿನ, ಅಂದರೆ ಪಲ್ಟಿಯಾದಾಗ ಕೂತವರನ್ನು ಕಾಯುವ ಪಂಜರದ, ಮುಖ್ಯ ಕೊಳವೆಗೆ 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪ, ಕನಿಷ್ಠ 0.18% ಇಂಗಾಲದ ಉಕ್ಕು. ಅದು ಸಣ್ಣ ಎಂಜಿನ್ನಿನ, ಒಬ್ಬರೇ ಕೂರುವ ಗಾಡಿಗೆ. ಮಾರುತಿ 800ರ ಎಂಜಿನ್ನನ್ನು ಗಾಡಿಯ ಹಿಂಭಾಗದಲ್ಲಿ ಕೂರಿಸಿ ಇಬ್ಬರು ಹೋಗುವುದಾದರೆ ನಾನಂತೂ 38–40 ಮಿ.ಮೀ. ಹೊರವ್ಯಾಸಕ್ಕಿಂತ ಕೆಳಗಿಳಿಯುವುದಿಲ್ಲ.

ವೆಲ್ಡಿಂಗ್‌ಗಿಂತ ತುದಿ ಕತ್ತರಿಸುವುದೇ ದೊಡ್ಡ ಕೆಲಸ. ಮೀನಿನ ಬಾಯಂತೆ ಕೊರೆದ ತುದಿ ಇನ್ನೊಂದು ಕೊಳವೆಯ ಮೇಲೆ ಸಂದಿಲ್ಲದೆ ಕೂರಬೇಕು. ಸಂದಿಗೆ ವೆಲ್ಡಿಂಗ್ ರಾಡ್ ಕರಗಿಸಿ ತುಂಬಿಸಿದರೆ ನೋಡಲು ಗಟ್ಟಿ, ಒಳಗೆ ಟೊಳ್ಳು. ಇಡೀ ಚೌಕಟ್ಟನ್ನು ಮೊದಲು ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ), ಕರ್ಣಗಳನ್ನು ಅಳೆದು, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವೇ ಬೆಸೆಯಿರಿ. ಒಂದೇ ಬದಿ ಮುಗಿಸುತ್ತ ಹೋದರೆ ಸೊಟ್ಟಗಾಗುತ್ತದೆ. ತಂತಿ ತಾನೇ ಹರಿದುಬರುವ ಮಿಗ್ ವೆಲ್ಡಿಂಗ್ ಸುಲಭ. ರಾಡ್ ಹಿಡಿದು ಬೆಸೆಯುವ ಆರ್ಕ್ ಯಂತ್ರ ಮಾತ್ರ ಇದ್ದರೆ ಚೆನ್ನಾಗಿ ಒಣಗಿಸಿದ, 7018 ಎಂಬ ಗುರುತಿನ ರಾಡ್ ಬಳಸಿ.

ಅಂದಹಾಗೆ, ಇದಕ್ಕೆ ಆರ್‌ಟಿಒ ನೋಂದಣಿ ಸಿಗುವ ಆಸೆ ಬೇಡ. ಸ್ವಂತ ಜಮೀನು, ಇಲ್ಲವೇ ಖಾಸಗಿ ಟ್ರ್ಯಾಕ್.