ಪ್ರತಿಕ್ರಿಯೆ: ಜೀಪನ್ನು ಎತ್ತರಿಸುವ ಮುನ್ನ

ಪಾಂಡವಪುರದ ತೋಟಕ್ಕೂ ಮೇಲುಕೋಟೆ ಸುತ್ತಲಿನ ಕಲ್ಲುದಾರಿಗೂ ಓಡಿಸುವ ಹಳೆಯ ಜೀಪನ್ನು 4 ಇಂಚು ಎತ್ತರಿಸಿ, ಮಂಡ್ಯದಲ್ಲೇ ರೋಲ್ ಕೇಜ್ (ಗಾಡಿ ಮಗುಚಿದಾಗ ಒಳಗಿದ್ದವರನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು) ಕಟ್ಟಿಸಬಹುದೇ ಎಂದು ಕೇಳಿದ್ದೀರಿ. ಎತ್ತರಿಸುವ ವಿಚಾರದಲ್ಲಿ ದಯವಿಟ್ಟು ಅವಸರಪಡಬೇಡಿ. ಎಡಬಲ ಚಕ್ರಗಳ ನಡುವಿನ ಅಂತರ 1400 ಮಿಲಿಮೀಟರ್, ಗುರುತ್ವಕೇಂದ್ರದ ಎತ್ತರ 700 ಮಿಲಿಮೀಟರ್ ಎಂದುಕೊಂಡರೆ, ಲೆಕ್ಕದ ಪ್ರಕಾರ ಗಾಡಿ 45 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ; ಆ ಕೇಂದ್ರ 100 ಮಿಲಿಮೀಟರ್ ಮೇಲೇರಿದರೆ ಮಿತಿ ಸುಮಾರು 41 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗುಗಳು ಒಂದು ಬದಿಗೆ ಕುಗ್ಗುವುದರಿಂದ, ಅದರಲ್ಲೂ ನಾಲೆಯ ಏರಿಯ ಮೇಲೆ ಒಂದು ಚಕ್ರ ಕುಸಿದಾಗ, ನಿಜವಾದ ಮಿತಿ ಇದಕ್ಕಿಂತಲೂ ಕಡಿಮೆ. ಮೇಲ್ಛಾವಣಿಯ ಕ್ಯಾರಿಯರ್‌ನಲ್ಲಿ ಡೀಸೆಲ್ ಕ್ಯಾನ್ ಹೇರುವುದೂ ಇದೇ ತಪ್ಪು.

ಒಳ್ಳೆಯ ಟೈರು, ಹಿಂದಿನ ಆಕ್ಸಲ್‌ಗೆ ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದರೂ ಎರಡೂ ಚಕ್ರಗಳು ಒಟ್ಟಿಗೆ ತಿರುಗುವಂತೆ ಮಾಡುವ ಸಾಧನ), ಕಲ್ಲುದಾರಿಯಲ್ಲಿ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸುವುದು, ಡಾಂಬರು ಸೇರುವ ಮೊದಲು ಮತ್ತೆ ತುಂಬುವುದು: ನಿಮ್ಮ ದಾರಿಗೆ ಇಷ್ಟು ಸಾಕೆಂಬುದು ನನ್ನ ಅಭಿಪ್ರಾಯ.

ಕೇಜ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ನೀರಿನ ಜಿ.ಐ. ಪೈಪು ಒಪ್ಪಬೇಡಿ, ಸೀಮ್‌ಲೆಸ್ (ಉದ್ದಕ್ಕೂ ಬೆಸುಗೆಯ ಜೋಡಣೆ ಇಲ್ಲದ) ಉಕ್ಕಿನ ಟ್ಯೂಬನ್ನೇ ಕೇಳಿ. ನೆಲದ ತಗಡಿಗಷ್ಟೇ ಬೋಲ್ಟು ಹಾಕಿ ನಿಲ್ಲಿಸಿದ ಕಂಬ, ಗಾಡಿ ಮಗುಚಿದಾಗ ಆ ತಗಡನ್ನು ಸೀಳಿಕೊಂಡು ಹೊರಬರುತ್ತದೆ. ಆದ್ದರಿಂದ ಪ್ರತಿ ಕಾಲೂ ದಪ್ಪ ಪ್ಲೇಟಿನ ಮೂಲಕ ಚಾಸಿಗೆ ಸೇರಬೇಕು, ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ ಓರೆಯಾದ ಅಡ್ಡಪಟ್ಟಿ ಇರಲೇಬೇಕು. ಮೂರು ಬಿಂದುಗಳ ಸೀಟ್ ಬೆಲ್ಟೂ ತಲೆಯ ಸಮೀಪದ ಟ್ಯೂಬಿಗೆ ಗಟ್ಟಿ ಪ್ಯಾಡಿಂಗೂ ಇಲ್ಲದಿದ್ದರೆ ಆ ಕೇಜೇ ತಲೆಗೆ ಪೆಟ್ಟು ಕೊಡುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಕೆಲಸ ಆರಂಭಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ವಿಚಾರಿಸಿ.